ಹಳೆಯ ಜೀಪಿನ ಸ್ಟೀರಿಂಗ್: ಬಿಗಿಯೂ ಹೌದು, ಸಡಿಲವೂ ಹೌದು

ಪ್ರಶ್ನೆ: ಮಾನ್ಯರೇ, ನಮ್ಮ ತಂದೆಯವರು 1970ರ ದಶಕದಲ್ಲಿ ಕೊಂಡ ಮಹೀಂದ್ರ ಸಿಜೆ 3ಬಿ ಜೀಪು ಇಂದಿಗೂ ನಮ್ಮ ಮನೆಯಲ್ಲಿದೆ. ತುಕ್ಕು ತಿಂದಿದ್ದ ಅದರ ಬಾಡಿಯನ್ನು ಹೋದ ವರ್ಷ ಬಳ್ಳಾರಿಯ ಶೆಡ್ಡೊಂದರಲ್ಲಿ ಹೊಸದಾಗಿ ಕಟ್ಟಿಸಿದೆವು. ಅಂದಿನಿಂದ ನೇರ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿದಂತಾಗುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ನಡುವಿಗೆ ಮರಳುವುದಿಲ್ಲ. ಆದರೆ ಸ್ಟೀರಿಂಗ್ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಕಾಲಮ್ಮಿನ (ಚಕ್ರದಿಂದ ಕೆಳಗಿಳಿಯುವ ಕೊಳವೆಯ) ಮೇಲುತುದಿಯಲ್ಲಿ ಕಟಕಟ ಸದ್ದು ಬರುತ್ತದೆ. ಮೇಸ್ತ್ರಿಯವರು ಎರಡು ಸಲ ಸ್ಟೀರಿಂಗ್ ಬಾಕ್ಸಿನ (ಚಕ್ರದ ತಿರುವನ್ನು ಗಾಲಿಗಳ ಕಡೆಗೆ ದಾಟಿಸುವ ಪೆಟ್ಟಿಗೆಯ) ಸ್ಕ್ರೂ ಬಿಗಿ ಮಾಡಿದರು. ಹಿಡಿತ ಹೆಚ್ಚಾಯಿತೇ ಹೊರತು ಸದ್ದು ಹೋಗಲಿಲ್ಲ. ಈಗ ಬಾಕ್ಸನ್ನೇ ಬದಲಿಸಬೇಕೆನ್ನುತ್ತಾರೆ. ಬದಲಿಸಬೇಕೇ?
— ಓದುಗರೊಬ್ಬರು, ಸಂಡೂರು

ಉತ್ತರ: ಬಾಕ್ಸಿಗೆ ಹಣ ಕೊಡುವ ಮುನ್ನ ಒಂದು ದಿನ ತಡೆಯಿರಿ. ನಿಮ್ಮ ಪತ್ರದಲ್ಲಿಯೇ ಮೂರು ಸುಳಿವುಗಳಿವೆ: ಬಾಡಿ ಹೊಸದು, ಸ್ಕ್ರೂ ಎರಡು ಸಲ ಬಿಗಿಯಾಗಿದೆ, ಸದ್ದು ಮೇಲುತುದಿಯಲ್ಲಿದೆ. ಇವು ಒಂದೇ ದೋಷದ ಮೂರು ಲಕ್ಷಣಗಳಲ್ಲ, ಮೂರು ಬೇರೆ ಬೇರೆ ದೋಷಗಳು ಎಂದು ನನಗೆ ಅನ್ನಿಸುತ್ತದೆ. ಮೂರನ್ನೂ ಒಂದೇ ಸ್ಕ್ರೂವಿನಿಂದ ಸರಿಪಡಿಸಲು ಹೊರಟದ್ದರಿಂದಲೇ ತೊಂದರೆ ಬೆಳೆದಿದೆ.

ನಾವು ಕಾಲಂ ಎಂದು ಕರೆಯುವುದರಲ್ಲಿ ಎರಡು ಕೊಳವೆಗಳಿವೆ. ಹೊರಗಿನದು ಅಲುಗದೆ ನಿಲ್ಲುವ ಕವಚ. ಒಳಗಿನದು ನಿಮ್ಮ ಕೈಯೊಂದಿಗೆ ತಿರುಗುವ ಶಾಫ್ಟು, ಹಾರನ್ನಿನ ತಂತಿಯೂ ಅದರೊಳಗೇ ಬರುತ್ತದೆ. ಶಾಫ್ಟಿನ ಕೆಳತುದಿಯಲ್ಲಿ ಸುರುಳಿ ತೋಡು ಕೊರೆದ ಕ್ಯಾಮ್ ಇದ್ದು, ಆ ತೋಡಿನಲ್ಲಿ ಲಿವರಿನ ಎರಡು ಮೊನಚು ಪಿನ್ನುಗಳು ಚಲಿಸುತ್ತವೆ. ಈ ಮಾದರಿಗೆ ರಾಸ್ ಬಾಕ್ಸ್ ಎಂಬ ಹೆಸರಿದೆ. ಮುಂದೆ ಹೇಳುವುದೆಲ್ಲ ಈ ಬಾಕ್ಸಿಗೆ ಮಾತ್ರ ಅನ್ವಯಿಸುತ್ತದೆ. ನಿಮ್ಮ ಜೀಪಿಗೆ ಯಾವಾಗಲಾದರೂ ಬೇರೆ ಬಾಕ್ಸ್ ಹಾಕಿಸಿದ್ದರೆ ಮೊದಲು ಅದನ್ನು ಗುರುತಿಸಿಕೊಳ್ಳಬೇಕು. ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಬಾಕ್ಸನ್ನು ಚಾಸಿಗೆ, ಅಂದರೆ ಜೀಪಿನ ಅಡಿಚೌಕಟ್ಟಿಗೆ, ಬೋಲ್ಟ್ ಮಾಡಲಾಗಿದೆ, ಆದರೆ ಕಾಲಮ್ಮಿನ ಮೇಲುಭಾಗವನ್ನು ಡ್ಯಾಶ್‌ಬೋರ್ಡಿಗೆ, ಅಂದರೆ ಬಾಡಿಗೆ, ಬ್ರಾಕೆಟ್ಟಿನಿಂದ ಕಟ್ಟಲಾಗಿದೆ. ಹೊಸ ಬಾಡಿ ಅರ್ಧ ಬೆರಳಿನಷ್ಟು ಮೇಲೆ ಕೂತರೂ, ಒಂದು ಪಕ್ಕಕ್ಕೆ ಸರಿದರೂ, ಬಾಡಿಯ ಕೆಳಗಿನ ರಬ್ಬರ್ ಪ್ಯಾಕಿಂಗುಗಳಲ್ಲಿ ಒಂದನ್ನು ಹಾಕಲು ಮರೆತಿದ್ದರೂ, ಬ್ರಾಕೆಟ್ ಬಿಗಿ ಮಾಡಿದೊಡನೆ ಕಾಲಂ ಬಿಲ್ಲಿನಂತೆ ಸೆಳೆಯಲ್ಪಟ್ಟು ಒಳಗಿನ ಶಾಫ್ಟನ್ನು ಹಿಡಿಯುತ್ತದೆ.

ಪರೀಕ್ಷೆ ಹೀಗೆ ಮಾಡಿ. ಹಿಂದಿನ ಗಾಲಿಗಳಿಗೆ ಅಡ್ಡ ಕಲ್ಲಿಟ್ಟು, ಮುಂದಿನ ಎರಡೂ ಗಾಲಿಗಳು ನೆಲ ಬಿಡುವಂತೆ ಎತ್ತಿ, ಆಕ್ಸಲ್ಲಿನ ಕೆಳಗೆ ಗಟ್ಟಿ ಮರದ ದಿಮ್ಮಿಗಳನ್ನು ಕೊಡಿ. ಜಾಕಿಯೊಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ. ಬಾಕ್ಸಿನಿಂದ ಹೊರಬರುವ ತೋಳಾದ ಡ್ರಾಪ್ ಆರ್ಮಿನಿಂದ, ಗಾಲಿಗಳ ಕಡೆಗೆ ಹೋಗುವ ಸರಳಾದ ಡ್ರ್ಯಾಗ್ ಲಿಂಕನ್ನು ಬಿಡಿಸಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ತಿರುಗಿಸಿ. ತುದಿಗೆ ಬಡಿಯುವಂತೆ ತಿರುಗಿಸಿದರೆ ಪಿನ್ನುಗಳಿಗೆ ಪೆಟ್ಟಾಗುತ್ತದೆ. ಈಗ ಸಲೀಸಾಗಿ ತಿರುಗಿದರೆ ಬಾಕ್ಸೂ ಕಾಲಮ್ಮೂ ನಿರ್ದೋಷಿಗಳು; ಆಗ ಗಾಲಿಗಳ ಕಡೆಯ ಕೀಲುಗಳಾದ ಬೆಲ್ ಕ್ರ್ಯಾಂಕ್, ಟೈ ರಾಡ್ ಎಂಡುಗಳು ಮತ್ತು ಕಿಂಗ್ ಪಿನ್ನುಗಳ ಕಡೆ ನೋಡಬೇಕು. ಹಿಡಿತ ಹಾಗೆಯೇ ಉಳಿದರೆ ಡ್ಯಾಶ್‌ಬೋರ್ಡಿನ ಬ್ರಾಕೆಟ್ ಬೋಲ್ಟುಗಳನ್ನು ಸಡಿಲಿಸಿ. ಆ ಕ್ಷಣದಲ್ಲಿ ಕಾಲಂ ಪಕ್ಕಕ್ಕೋ ಕೆಳಕ್ಕೋ ಎಷ್ಟು ಜಿಗಿಯುತ್ತದೆಯೋ ಅಷ್ಟನ್ನು ಅದು ಬಲವಂತದಿಂದ ತಾಳಿಕೊಂಡಿತ್ತು ಎಂದೇ ತಿಳಿಯಿರಿ.

ಜಿಗಿದರೆ ಬಾಕ್ಸಿನ ಚಾಸಿ ಬೋಲ್ಟುಗಳನ್ನೂ ಕೊಂಚ ಸಡಿಲಿಸಿ, ಕಾಲಂ ತನ್ನ ಸಹಜ ಓರೆಯಲ್ಲಿ ನಿಲ್ಲಲು ಬಿಟ್ಟು, ಮೊದಲು ಚಾಸಿಯ ಬೋಲ್ಟುಗಳನ್ನು, ಕೊನೆಯಲ್ಲಿ ಬ್ರಾಕೆಟ್ಟನ್ನು ಬಿಗಿ ಮಾಡಿ. ಬ್ರಾಕೆಟ್ಟಿನ ತೂತು ಹೊಂದದಿದ್ದರೆ ಅರದಿಂದ ಉದ್ದ ಮಾಡಿ ಅಥವಾ ನಡುವೆ ಪ್ಯಾಕಿಂಗ್ ಕೊಡಿ. ಬ್ರಾಕೆಟ್ಟೇ ಕಾಲಮ್ಮಿನ ಬಳಿಗೆ ಬರಬೇಕು, ಕಾಲಂ ಬ್ರಾಕೆಟ್ಟಿನ ಬಳಿಗೆ ಹೋಗಬಾರದು. ಬಾಡಿ ಕಟ್ಟುವವರು ತಗಡಿನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದರೂ ಈ ಒಂದು ಹಂತವನ್ನು ಅವಸರದಲ್ಲಿ ಮುಗಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇನ್ನು ಮೇಸ್ತ್ರಿಯವರು ಬಿಗಿ ಮಾಡಿದ ಆ ಸ್ಕ್ರೂ. ಪಿನ್ನುಗಳನ್ನು ತೋಡಿನೊಳಕ್ಕೆ ಒತ್ತುವುದು ಅದೇ. ಗಾಲಿಗಳು ನೇರವಾಗಿರುವಾಗ ಪಿನ್ನುಗಳು ನಿಲ್ಲುವ ಜಾಗದಲ್ಲಿ ಕ್ಯಾಮಿನ ತೋಡಿನ ಆಳವನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ, ಏಕೆಂದರೆ ಹೆಚ್ಚು ಸವೆಯುವುದು ಆ ಜಾಗವೇ. ಗಾಲಿ ತಿರುಗಿದ ಸ್ಥಿತಿಯಲ್ಲಿ ಸ್ಕ್ರೂ ಬಿಗಿ ಮಾಡಿದರೆ ಅಲ್ಲಿ ಹಿತವಾಗಿ ತೋರಿ, ನಡುವಿಗೆ ಬಂದಾಗ ಪಿನ್ನುಗಳು ತೋಡಿಗೆ ಒತ್ತಿಕೊಳ್ಳುತ್ತವೆ. ನೇರ ರಸ್ತೆಯಲ್ಲಿಯೇ ಹಿಡಿಯುತ್ತದೆ ಎಂದು ನೀವು ಬರೆದಿರುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಲಾಕ್ ನಟ್ ಬಿಡಿಸಿ, ಸ್ಕ್ರೂವನ್ನು ಹಿಂದಕ್ಕೆ ತೆಗೆದು, ತುದಿಯಿಂದ ತುದಿಗೆ ಎಷ್ಟು ಸುತ್ತು ಎಂದು ಎಣಿಸಿ ಅದರ ಅರ್ಧಕ್ಕೆ ನಿಲ್ಲಿಸಿ. ಶಾಫ್ಟು ಕಾಲಮ್ಮಿನ ಉದ್ದಕ್ಕೆ ಮೇಲೆ ಕೆಳಗೆ ಸರಿಯುತ್ತಿದ್ದರೆ ಮೊದಲು ಬಾಕ್ಸಿನ ಮೇಲ್ಮುಚ್ಚಳದ ಕೆಳಗಿನ ಶಿಮ್ಮುಗಳಲ್ಲಿ (ಸಂದು ತುಂಬುವ ತೆಳು ಬಿಲ್ಲೆಗಳಲ್ಲಿ) ತೆಳ್ಳಗಿನ ಒಂದನ್ನು ತೆಗೆದು ಅದನ್ನು ಸರಿಪಡಿಸಬೇಕು. ಆ ಬಳಿಕವೇ ಸ್ಕ್ರೂವನ್ನು, ನಡುವೆ ದಾಟುವಾಗ ಕೈಗೆ ಅತಿ ಅಲ್ಪ ತಡೆ ತಿಳಿಯುವಷ್ಟು ಮಾತ್ರ ಒಳಗೆ ತಿರುಗಿಸಿ ಲಾಕ್ ಮಾಡಬೇಕು.

ಕಟಕಟ ಸದ್ದಿಗೂ ಬಾಕ್ಸಿಗೂ ಸಂಬಂಧವಿಲ್ಲ. ಅದು ಸ್ಟೀರಿಂಗ್ ಚಕ್ರದ ಕೆಳಗೆ, ಕವಚದ ಬಾಯಲ್ಲಿ ಕೂರುವ ಬೇರಿಂಗ್ ಸವೆದದ್ದರ ಸದ್ದು. ಸಂಡೂರಿನ ಕೆಂಪು ಧೂಳು ಗ್ರೀಸಿನೊಂದಿಗೆ ಸೇರಿದರೆ ಉಜ್ಜುವ ಮಸಾಲೆಯಾಗುತ್ತದೆ. ಚಿನ್ನಕ್ಕೆ ಹೊಳಪು ಕೊಡಲು ಅಕ್ಕಸಾಲಿಗರು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಇದೇ ಆಕ್ಸೈಡ್. ಹಾರನ್ನಿನ ತಂತಿ ಬಿಡಿಸಿ, ಚಕ್ರ ಮತ್ತು ಶಾಫ್ಟಿನ ಮೇಲೆ ಗುರುತು ಹಾಕಿಕೊಂಡು, ಪುಲ್ಲರ್ ಎಂಬ ಎಳೆಯುವ ಸಾಧನದಿಂದ ಚಕ್ರ ತೆಗೆಸಿ. ಸುತ್ತಿಗೆಯಿಂದ ಬಡಿದರೆ ಆ ಪೆಟ್ಟು ನೇರವಾಗಿ ಕೆಳಗಿನ ಕ್ಯಾಮ್ ಬೇರಿಂಗುಗಳಿಗೆ ಇಳಿಯುತ್ತದೆ. ಬೇರಿಂಗನ್ನೂ ಅದರ ಸ್ಪ್ರಿಂಗನ್ನೂ ಒಟ್ಟಿಗೆ ಬದಲಿಸಿ.

ಬಾಕ್ಸಿನಲ್ಲಿ ಗಟ್ಟಿ ಗ್ರೀಸ್ ತುಂಬಿದ್ದರೆ ತೆಗೆಸಿಬಿಡಿ. ಪಿನ್ನುಗಳು ಒಮ್ಮೆ ಪಕ್ಕಕ್ಕೆ ತಳ್ಳಿದ ಗ್ರೀಸು ಮತ್ತೆ ತೋಡಿಗೆ ಮರಳುವುದಿಲ್ಲ. ಆಯಿಲ್ ಸೋರುತ್ತದೆಂದು ಗ್ರೀಸ್ ಹಾಕುವ ಬದಲು ಡ್ರಾಪ್ ಆರ್ಮ್ ಬಳಿಯ ಸೀಲ್ ಬದಲಿಸಿ 90ರ ಗೇರ್ ಆಯಿಲ್ ಹಾಕಿ. ಇಷ್ಟಾದ ಮೇಲೆ ಮುಚ್ಚಳ ತೆಗೆದು ನೋಡಿದಾಗ ಪಿನ್ನುಗಳು ಚಪ್ಪಟೆಯಾಗಿದ್ದರೆ, ತೋಡಿನಲ್ಲಿ ಗುಳಿ ಬಿದ್ದಿದ್ದರೆ, ಆಗ ಮೇಸ್ತ್ರಿಯವರ ಮಾತು ಸರಿ.

ಪ್ರಶ್ನೆ: ನನ್ನ ಹಳೆಯ ಅಂಬಾಸಿಡರ್ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದ ಕೂಡಲೇ ಗಾಲಿ ತಿರುಗುವುದಿಲ್ಲ, ಕಾಲಮ್ಮಿನ ಕೆಳಗೆ ಟಕ್ ಎಂದು ಸದ್ದಾಗುತ್ತದೆ. ಬಾಕ್ಸ್ ಬಿಗಿ ಮಾಡಿಸಲೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ ನಿಮ್ಮ ಕಾರಿಗೆ ಜೀಪಿನಂಥ ಬಾಕ್ಸ್ ಇಲ್ಲ, ರ್‍ಯಾಕ್ ಮತ್ತು ಪಿನಿಯನ್ (ಹಲ್ಲಿನ ಪಟ್ಟಿ ಮತ್ತು ಅದನ್ನು ಸರಿಸುವ ಪುಟ್ಟ ಹಲ್ಲುಗಾಲಿ) ಇದೆ. ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಅಲುಗಿಸುತ್ತಿರಲಿ. ಕಾಲಂ ಪಿನಿಯನ್ನಿಗೆ ಸೇರುವ ಕಡೆ ನೀವು ಕೈಯಿಟ್ಟು ನೋಡಿ. ಮೇಲಿನ ಭಾಗ ತಿರುಗಿ ಕೆಳಗಿನದು ತಡವಾಗಿ ತಿರುಗಿದರೆ ಅಲ್ಲಿನ ಕ್ಲ್ಯಾಂಪ್ ಬೋಲ್ಟ್ ಸಡಿಲವಾಗಿದೆ ಅಥವಾ ಹಲ್ಲುಗಳು ಸವೆದಿವೆ. ಬೋಲ್ಟ್ ಸಡಿಲವಾಗಿದ್ದರೆ ಬಿಗಿ ಮಾಡಿಸಬಹುದು. ಹಲ್ಲು ಸವೆದಿದ್ದರೆ ಆ ಭಾಗವನ್ನೇ ಬದಲಿಸಬೇಕು. ಸವೆದ ಹಲ್ಲಿಗೆ ವೆಲ್ಡಿಂಗ್ ಮಾಡಿಕೊಡುತ್ತೇವೆಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ, ಏಕೆಂದರೆ ಆ ಬೆಸುಗೆ ರಸ್ತೆಯ ಮೇಲೆ ಬಿಟ್ಟರೆ ಕೈಯಲ್ಲಿ ಚಕ್ರ ಉಳಿಯುತ್ತದೆಯೇ ಹೊರತು ಕಾರು ಉಳಿಯುವುದಿಲ್ಲ. ಎರಡೂ ಸರಿಯಿದ್ದು ಸದ್ದು ಮಾತ್ರ ಬರುತ್ತಿದ್ದರೆ, ಕಾಲಮ್ಮಿಗೆ ಅಂಟಿಕೊಂಡಿರುವ ಗೇರ್ ರಾಡಿನ ಬುಷ್ಷುಗಳನ್ನು ನೋಡಿಸಿ.