ಪರದೆಯ ಪಟ್ಟಿ, ಕಾಗದದ ಪುಟ

ಪ್ರಶ್ನೆ: ಮಲ್ಪೆ ಬಂದರಿನ ಮೀನು ವ್ಯಾಪಾರಿಯೊಬ್ಬರಿಗಾಗಿ ದಿನದ ಲೆಕ್ಕ ಬರೆದಿಡುವ ಆಂಡ್ರಾಯ್ಡ್ ಆ್ಯಪ್ ಸಿದ್ಧಪಡಿಸುತ್ತಿದ್ದೇನೆ. ಪಟ್ಟಿಯಲ್ಲಿ 40 ಸಾಲುಗಳಿದ್ದರೂ, ಪಟ್ಟಿಯನ್ನು ಪರದೆಯಲ್ಲಿ ತೋರಿಸುವ ರಿಸೈಕ್ಲರ್‌ವ್ಯೂನ ಬಿಟ್‌ಮ್ಯಾಪ್ (ಚುಕ್ಕಿಗಳಿಂದಾದ ಚಿತ್ರ) ತೆಗೆದು ಪಿಡಿಎಫ್‌ಗೆ ಹಾಕಿದಾಗ ಮೊದಲ 9 ಸಾಲುಗಳಷ್ಟೇ ಬರುತ್ತವೆ. ಮುದ್ರಿಸಿದರೆ ಅಕ್ಷರಗಳೂ ಮಸುಕು. ಪರಿಹಾರವೇನು?
— ಓದುಗರು, ಮಲ್ಪೆ

ಉತ್ತರ: ರಿಸೈಕ್ಲರ್‌ವ್ಯೂ ಕಣ್ಣಿಗೆ ಬೀಳುವಷ್ಟು ಸಾಲುಗಳನ್ನು ಮಾತ್ರ ಕಟ್ಟಿಕೊಂಡು, ಬೆರಳು ಸರಿದಂತೆ ಅವುಗಳಲ್ಲೇ ಹೊಸ ವಿವರ ತುಂಬುತ್ತ ಹೋಗುತ್ತದೆ. ನಿಮ್ಮ ಹತ್ತನೆಯ ಸಾಲಿನ ‘ಬಂಗುಡೆ, 3 ಬಾಕ್ಸ್’ ಡೇಟಾಬೇಸಿನಲ್ಲಿದೆಯೇ ಹೊರತು ಪರದೆಯಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಇಲ್ಲದ್ದರ ಚಿತ್ರ ತೆಗೆಯಲು ಬರುವುದಿಲ್ಲ. ಆದ್ದರಿಂದ ಪರದೆಯನ್ನು ಬದಿಗಿಟ್ಟು, ಲೆಕ್ಕದ ಮಾಹಿತಿಯಿಂದಲೇ ಪುಟವನ್ನು ಹೊಸದಾಗಿ ಬರೆಯಿರಿ ಎಂಬುದೇ ನನ್ನ ಖಚಿತ ಸಲಹೆ.

ಆಂಡ್ರಾಯ್ಡ್ 4.4ರಿಂದಲೂ ಪಿಡಿಎಫ್ ಪುಟಗಳನ್ನು ತಯಾರಿಸುವ ಪಿಡಿಎಫ್‌ಡಾಕ್ಯುಮೆಂಟ್ ಎಂಬ ಕ್ಲಾಸ್ (ಸಿದ್ಧ ಕೋಡ್) ವ್ಯವಸ್ಥೆಯಲ್ಲೇ ಇದೆ. ಅದರ ಅಳತೆ ಪಿಕ್ಸೆಲ್‌ಗಳಲ್ಲಿ ಅಲ್ಲ, ಇಂಚಿಗೆ 72ರಂತೆ ಪಾಯಿಂಟ್‌ಗಳಲ್ಲಿ. ಎ4 ಹಾಳೆ ಎಂದರೆ ಸುಮಾರು 595 ಅಗಲ, 842 ಎತ್ತರ. ಪ್ರತಿ ಸಾಲಿನ ಎತ್ತರವನ್ನು ಮೊದಲೇ ಅಳೆದು, ಅದು ಕೆಳಗಿನ ಅಂಚನ್ನು ದಾಟುವಂತಿದ್ದರೆ ಆ ಪುಟವನ್ನು ಮುಗಿಸಿ ಮುಂದಿನದನ್ನು ತೆರೆಯಬೇಕು. ಪುಟದ ಕ್ಯಾನ್ವಾಸ್ (ಬರೆಯುವ ಹಲಗೆ) ಮೇಲೆ ನೇರವಾಗಿ ಬರೆದ ಅಕ್ಷರ ಚಿತ್ರವಾಗದೆ ಅಕ್ಷರವಾಗಿಯೇ ಉಳಿಯುವುದರಿಂದ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ಎಚ್ಚರ ಅಗತ್ಯ. ಅಕ್ಷರ ಜೋಡಣೆಯನ್ನು ಅರಿಯದ ಲೈಬ್ರರಿಯೊಂದನ್ನು (ಬೇರೆಯವರು ಬರೆದಿಟ್ಟ ಕೋಡ್) ನಂಬಿ ನಾನು ಹಿಂದೆ ಮಾಡಿದ ರಸೀದಿಯಲ್ಲಿ ‘ಮಲ್ಪೆ’ಯ ಪಕಾರದ ಒತ್ತು ಕೆಳಗಿಳಿಯದೆ, ಲಕಾರದ ಪಕ್ಕದಲ್ಲಿ ಬೇರೆಯೇ ಅಕ್ಷರವಾಗಿ ನಿಂತಿತ್ತು. ಊರಿನ ಹೆಸರೇ ಮುರಿದುಬಿದ್ದ ಆ ಕಾಗದವನ್ನು ಗಿರಾಕಿಯ ಕೈಗಿಡಲು ಮನಸ್ಸಾಗಲಿಲ್ಲ. ಪಠ್ಯವನ್ನು ಸಾಲುಗಳಾಗಿ ಜೋಡಿಸುವ ಆಂಡ್ರಾಯ್ಡ್‌ನದೇ ಸ್ಟ್ಯಾಟಿಕ್‌ಲೇಔಟ್ ಬಳಸಿದರೆ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ, ಉದ್ದನೆಯ ಹೆಸರುಗಳೂ ತಾವಾಗಿ ಮುಂದಿನ ಸಾಲಿಗೆ ಇಳಿಯುತ್ತವೆ.

ಬಣ್ಣಗಳನ್ನು ಆ್ಯಪ್‌ನ ಥೀಮ್‌ನಿಂದ (ಪರದೆಯ ಬಣ್ಣಗಳ ಹೊಂದಿಕೆ) ತರಬೇಡಿ. ಡಾರ್ಕ್ ಮೋಡ್‌ನ ಬಿಳಿ ಅಕ್ಷರ ಬಿಳಿ ಹಾಳೆಯಲ್ಲಿ ಕಾಣದು. ಉಳಿಸುವ ಜಾಗವನ್ನು ಬಳಕೆದಾರರೇ ಆರಿಸುವಂತೆ ಕ್ರಿಯೇಟ್ ಡಾಕ್ಯುಮೆಂಟ್ ಇಂಟೆಂಟ್ (ಫೈಲ್ ಉಳಿಸಲು ವ್ಯವಸ್ಥೆಗೆ ಕಳಿಸುವ ಕೋರಿಕೆ) ಬಳಸಿದರೆ ಸ್ಟೋರೇಜ್ ಅನುಮತಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಮುಂದೆ ಐಫೋನಿಗೂ ಮಾಡುವುದಾದರೆ, ಐಓಎಸ್ 10ರಿಂದ ಇರುವ ಯುಐಗ್ರಾಫಿಕ್ಸ್‌ಪಿಡಿಎಫ್‌ರೆಂಡರರ್ ಇದೇ ಕೆಲಸಕ್ಕೆ ಒದಗುತ್ತದೆ.

ಪುಟವನ್ನು ನೀವೇ ಕಟ್ಟುವುದರಿಂದ ಪರದೆಯಲ್ಲಿ ಇಲ್ಲದ ಒಂದು ಸಾಲನ್ನೂ ಸೇರಿಸಬಹುದು: ವ್ಯಾಪಾರಿಗಳು ಲೆಕ್ಕದ ಪುಸ್ತಕದಲ್ಲಿ ಬರೆಯುವಂತೆ, ಎರಡನೆಯ ಪುಟದ ತಲೆಯಲ್ಲಿ ‘ಹಿಂದಿನ ಪುಟದಿಂದ ತಂದದ್ದು’ ಎಂದು ಮೊತ್ತವನ್ನು ಕಾಣಿಸಿ.