ಮ್ಯಾನಟಿಗೂ ಆನೆಗೂ ಏನು ನಂಟು?

ಪ್ರಶ್ನೆ: ನೀರಿನಲ್ಲಿಯೇ ಬದುಕುವ ಮ್ಯಾನಟಿಯು ತಿಮಿಂಗಿಲಕ್ಕಿಂತ ಆನೆಗೆ ಹತ್ತಿರದ ಪ್ರಾಣಿ ಎಂದು ಓದಿದೆ. ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ? ಅದರ ಪೂರ್ವಜರ ಪಳೆಯುಳಿಕೆಗಳು ನಮ್ಮ ಕಡೆಯ ಬಂಡೆಗಳಲ್ಲಿ ಸಿಗಬಹುದೇ?
– ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ನೀವು ಓದಿದ್ದು ಸರಿ. ನೀರಿನಲ್ಲಿ ಈಜಿ ಬದುಕುವ ಸಸ್ತನಿಗಳ ಮೈಕಟ್ಟು ಕಾಲಾಂತರದಲ್ಲಿ ಒಂದೇ ತೆರನಾಗುವುದರಿಂದ, ಹೊರನೋಟವನ್ನು ನಂಬಿ ವರ್ಗೀಕರಿಸಿದರೆ ಎಡವುವುದು ಖಚಿತ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕ್ಯುವಿಯೆಯಂತಹ ಘಟಾನುಘಟಿ ವಿಜ್ಞಾನಿಯೇ ಮ್ಯಾನಟಿಗಳನ್ನು ಸಸ್ಯಾಹಾರಿ ತಿಮಿಂಗಿಲಗಳೆಂದು ಎಣಿಸಿದ್ದರು. ಆದರೆ ಅದೇ ಕಾಲದಲ್ಲಿ, 1816ರಲ್ಲಿ, ಫ್ರಾನ್ಸಿನವರೇ ಆದ ಬ್ಲಾಂವಿಲ್ ಇವುಗಳನ್ನು ಆನೆಯ ಬಳಗಕ್ಕೆ ಸೇರಿಸಿದರು. ಇಂದಿನ ಡಿಎನ್‌ಎ ಅಧ್ಯಯನಗಳು ಎತ್ತಿಹಿಡಿದಿರುವುದು ಬ್ಲಾಂವಿಲ್ ಅವರ ಮಾತನ್ನೇ.

ಸಕ್ರೆಬೈಲಿನ ಬಿಡಾರದಲ್ಲಿ ಮರಿಯಾನೆ ಹಾಲು ಕುಡಿಯುವುದನ್ನು ನೋಡಿದ್ದರೆ, ತಾಯಿಯ ಕೆಚ್ಚಲು ಹಸುವಿನಂತೆ ಹಿಂಗಾಲುಗಳ ನಡುವೆ ಇರದೆ ಮುಂಗಾಲುಗಳ ನಡುವೆ ಇರುವುದನ್ನು ಗಮನಿಸಿರುತ್ತೀರಿ. ಮ್ಯಾನಟಿಯ ಮೊಲೆಗಳೂ ಮುಂಗಾಲಿನ ಕಂಕುಳಲ್ಲಿಯೇ ಇವೆ. ಮ್ಯಾನಟಿಯ ಮೂರು ಪ್ರಭೇದಗಳಲ್ಲಿ ಅಮೆಜಾನಿನದೊಂದನ್ನು ಬಿಟ್ಟರೆ ಉಳಿದೆರಡರ ಈಜುಗಾಲುಗಳ ತುದಿಯಲ್ಲಿ ಆನೆಗಿರುವಂತಹ ಉಗುರುಗಳೂ ಕಾಣುತ್ತವೆ.

ಹಲ್ಲಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಮ್ಯಾನಟಿಯ ದವಡೆಯ ಹಿಂತುದಿಯಲ್ಲಿ ಹುಟ್ಟುವ ಹಲ್ಲು ಸಾಲಿನಲ್ಲಿ ಮುಂದಕ್ಕೆ ಸರಿಯುತ್ತಾ, ಸವೆದ ಮೇಲೆ ಮುಂತುದಿಯಲ್ಲಿ ಉದುರುತ್ತದೆ. ಆನೆಯಲ್ಲಿಯೂ ಕ್ರಮ ಇದೇ, ಆದರೆ ಅದಕ್ಕೆ ಜೀವಮಾನದಲ್ಲಿ ಆರೇ ಸರದಿ. ಮ್ಯಾನಟಿಗೆ ಅಂತಹ ಮಿತಿಯಿಲ್ಲ. ಹಲ್ಲಿನ ಈ ಸಾಮ್ಯವನ್ನೇ ರಕ್ತಸಂಬಂಧಕ್ಕೆ ಪುರಾವೆಯೆಂದು ಹಲವರು ಬರೆಯುತ್ತಾರೆ. ಆದರೆ ಎರಡೂ ವಂಶಗಳ ಆದಿಪ್ರಾಣಿಗಳಲ್ಲಿ ಈ ಏರ್ಪಾಡು ಇರಲಿಲ್ಲವಾದ್ದರಿಂದ, ಅದು ಎರಡರಲ್ಲಿಯೂ ಪ್ರತ್ಯೇಕವಾಗಿ ವಿಕಾಸಗೊಂಡಿದ್ದೆಂದು ತಿಳಿಯುವುದೇ ಸರಿ.

ಇವುಗಳ ಗಣದ ಹೆಸರು ಸೈರೀನಿಯಾ. ಇಂದು ಉಳಿದಿರುವುದು ಮ್ಯಾನಟಿಯ ಮೂರು ಪ್ರಭೇದಗಳು ಮತ್ತು ಬೇರೆ ಕುಟುಂಬಕ್ಕೆ ಸೇರಿದ ಡುಗಾಂಗ್. ಮ್ಯಾನಟಿಯ ಬಾಲ ದೋಣಿಯ ದುಂಡಗಿನ ಹುಟ್ಟಿನಂತಿದ್ದರೆ ಡುಗಾಂಗಿನದು ಕವಲೊಡೆದಿದೆ. ಡುಗಾಂಗ್ ಕುಟುಂಬದ್ದೇ ಆದ ಸ್ಟೆಲ್ಲರನ ಕಡಲಹಸುವನ್ನು ವಿಜ್ಞಾನಿಯೊಬ್ಬರು ಮೊದಲು ಕಂಡದ್ದು 1741ರಲ್ಲಿ. ಬೇಟೆಗಾರರ ಕೈಗೆ ಸಿಕ್ಕಿ ಅದು 1768ರ ಹೊತ್ತಿಗೆ ನಿರ್ನಾಮವಾಯಿತು. ಈ ಗಣದ ಪೂರ್ವಜರು ನೆಲದ ಮೇಲೆ ನಡೆಯುತ್ತಿದ್ದರೆಂಬುದಕ್ಕೆ ಜಮೈಕಾದ ಪೆಜೊಸೈರನ್ ಸಾಕ್ಷಿ. 2001ರಲ್ಲಿ ವಿವರಿಸಲಾದ, ಸುಮಾರು 5 ಕೋಟಿ ವರ್ಷ ಹಿಂದಿನ ಈ ಪ್ರಾಣಿಗೆ ಮೈಭಾರ ಹೊರಬಲ್ಲ ನಾಲ್ಕು ಕಾಲುಗಳಿದ್ದವು.

ಇನ್ನು ನಿಮ್ಮ ಬಂಡೆಗಳ ವಿಚಾರ. ಚಿತ್ರದುರ್ಗದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಆಗ ಸಸ್ತನಿಗಳಿರಲಿ, ಬೆನ್ನುಮೂಳೆಯ ಪ್ರಾಣಿಯೇ ಹುಟ್ಟಿರಲಿಲ್ಲ. ಪಳೆಯುಳಿಕೆ ನೋಡಬೇಕೆಂದರೆ ಗುಜರಾತಿನ ಕಛ್ ಸೀಮೆಯೇ ಸರಿ. ಡುಗಾಂಗ್ ಕುಟುಂಬಕ್ಕೆ ಸೇರಿದ ಭಾರತಿಸೈರನ್ ಎಂಬ ಪ್ರಾಣಿಯ ಮೂಳೆಗಳು ದೊರೆತಿರುವುದು ಅಲ್ಲಿಯೇ.