0.5 ಅಂದರೆ ಯಾವುದರ ಅರ್ಧ?

ನಮಸ್ಕಾರ.

ದೂರದ ಗುರಿಗೆ ರೈಫಲ್ ಹೊಡೆಯುವವರಿಗೆ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ (ಬಿ.ಸಿ., ಅಂದರೆ ಗಾಳಿಯಲ್ಲಿ ಗುಂಡು ಎಷ್ಟು ಚೆನ್ನಾಗಿ ವೇಗ ಉಳಿಸಿಕೊಳ್ಳುತ್ತದೆ ಅನ್ನುವ ಅಂಕಿ) ಯಾಕೆ ಬೇಕು ಅಂತ ನೀವು ಬರೆದು ಕಳಿಸಿದ ಆರು ಪುಟ ಓದಿದೆ. ತೀರ್ಥಹಳ್ಳಿ ಕಡೆಯವರೊಬ್ಬರು ಇಂಥ ವಿಷಯಕ್ಕೆ ಕೈ ಹಾಕಿದ್ದು ಸಂತೋಷ. ಭಾಷೆ ಸರಾಗವಾಗಿದೆ. ಹೊಗಳಿಕೆ ಇಷ್ಟು ಸಾಕು ಅಲ್ವಾ? ಎರಡು ಕಡೆ ನನಗೆ ನಿಜವಾಗಿ ಸಿಟ್ಟು ಬಂತು. ಅದನ್ನಷ್ಟೇ ಹೇಳುತ್ತೇನೆ. ಕಾಗುಣಿತ, ಅಲ್ಪವಿರಾಮ ಎಲ್ಲ ಕರಡು ತಿದ್ದುವವರ ಪಾಲಿಗಿರಲಿ.

ಎರಡನೇ ಪುಟದಲ್ಲಿ ಹೀಗಿದೆ: "0.505 ಬಿ.ಸಿ. ಇರುವ ಗುಂಡು 0.243 ಇರುವ ಗುಂಡಿಗಿಂತ ಎರಡು ಪಟ್ಟು ಉತ್ತಮ."

ಮಾರಾಯ್ರೆ, ಅವೆರಡೂ ಒಂದೇ ಗುಂಡು! ಸಿಯೆರಾ ಕಂಪನಿಯ .308 ಇಂಚು ವ್ಯಾಸದ, 175 ಗ್ರೇನ್ ತೂಕದ ಮ್ಯಾಚ್‌ಕಿಂಗ್. ನೀವೇ ಕೊನೆಗೆ ಅಂಟಿಸಿದ ಪಟ್ಟಿಯಲ್ಲಿ ಎರಡು ಅಂಕಿಯ ಪಕ್ಕದಲ್ಲೂ ಅದೇ ಹೆಸರಿದೆ. 0.505 ಜಿ1 ಅನ್ನುವ ಮಾದರಿಯ ಲೆಕ್ಕ, 0.243 ಜಿ7 ಅನ್ನುವ ಇನ್ನೊಂದು ಮಾದರಿಯ ಲೆಕ್ಕ. ಆ ಎರಡು ಅಕ್ಷರವನ್ನು ನೀವು ಬಿಟ್ಟುಬಿಟ್ಟಿರಿ. ಲೇಖನ ಅಲ್ಲೇ ಮಗುಚಿತು.

ಬಿ.ಸಿ. ಅನ್ನುವುದು ಒಂದು ಹೋಲಿಕೆ. ಒಂದು ಪೌಂಡ್ ತೂಕ, ಒಂದು ಇಂಚು ವ್ಯಾಸದ ಮಾದರಿ ಗುಂಡೊಂದನ್ನು ಎದುರಿಗಿಟ್ಟುಕೊಂಡು, ನಮ್ಮ ಗುಂಡು ಗಾಳಿಯಲ್ಲಿ ಅದಕ್ಕಿಂತ ಎಷ್ಟು ಬೇಗ ವೇಗ ಕಳೆದುಕೊಳ್ಳುತ್ತದೆ ಅಂತ ನೋಡುವುದು. 0.5 ಅಂದರೆ ಮಾದರಿ ಗುಂಡಿನ ಅರ್ಧ ದೂರಕ್ಕೇ ಅಷ್ಟು ವೇಗ ಹೋಯಿತು ಅಂತ. ಆದರೆ ಮಾದರಿಗಳು ಬೇರೆ ಬೇರೆ. ಜಿ1 ಅನ್ನುವುದು 19ನೇ ಶತಮಾನದ ಫಿರಂಗಿ ಗುಂಡಿನ ಆಕಾರ: ಮೊಂಡು ಮೂತಿ, ಚಪ್ಪಟೆ ತಳ. ಜಿ7 ಉದ್ದ ಮೂತಿಯದು, ಹಿಂಬದಿ ಸಪೂರವಾಗುತ್ತಾ ಬರುತ್ತದೆ. ಇವತ್ತಿನ ದೂರದ ಗುರಿಯ ಗುಂಡುಗಳು ಹೆಚ್ಚುಕಡಿಮೆ ಇದೇ ರೂಪದವು.

ಲೆಕ್ಕ ಬಿಡಿಸಿ ತೋರಿಸಿದ್ದರೆ ಓದುಗರು ತಾವೇ ಹಿಡಿಯುತ್ತಿದ್ದರು. 7000 ಗ್ರೇನ್‌ಗೆ ಒಂದು ಪೌಂಡ್. 175 ಗ್ರೇನ್ ಅಂದರೆ 0.025 ಪೌಂಡ್. ಅದನ್ನು 0.308ರ ವರ್ಗದಿಂದ ಭಾಗಿಸಿದರೆ 0.263 ಚಿಲ್ಲರೆ ಬರುತ್ತದೆ. ಇದನ್ನು ಇನ್ನು ಆಕಾರದ ಅಂಕಿಯಿಂದ, ಅಂದರೆ ಮಾದರಿಯ ಆಕಾರಕ್ಕೆ ಹೋಲಿಸಿದರೆ ನಮ್ಮ ಗುಂಡಿನ ಆಕಾರವನ್ನು ಗಾಳಿ ಎಷ್ಟು ಪಟ್ಟು ತಡೆಯುತ್ತದೆ ಅನ್ನುವುದರಿಂದ, ಭಾಗಿಸಬೇಕು. ಜಿ7ಕ್ಕೆ ಹೋಲಿಸಿದರೆ ಆ ಅಂಕಿ ಸುಮಾರು 1.08, ಜಿ1ಕ್ಕೆ ಹೋಲಿಸಿದರೆ ಸುಮಾರು 0.52. ಗುಂಡು ಅದೇ, ತೂಕ ಅದೇ, ಉತ್ತರ ಮಾತ್ರ ಎರಡು.

ಇನ್ನೊಂದು. ಇಂಥ ಗುಂಡಿಗೆ ಜಿ1 ಅಂಕಿ ವೇಗ ಇಳಿದ ಹಾಗೆ ತಾನೂ ಬದಲಾಗುತ್ತದೆ. ಸಿಯೆರಾದವರೇ ಮೂರು ಅಂಕಿ ಕೊಡುತ್ತಾರೆ: ಸೆಕೆಂಡಿಗೆ 2800 ಅಡಿಗಿಂತ ಮೇಲೆ 0.505, ಅಲ್ಲಿಂದ 1800ರವರೆಗೆ 0.496, ಅದಕ್ಕೂ ಕೆಳಗೆ 0.485. ನಿಮ್ಮ ಮೊದಲ ಪುಟದ ರೈಫಲ್‌ನಿಂದ ಗುಂಡು ಹೊರಡುವುದೇ 2600 ಅಡಿ ವೇಗದಲ್ಲಿ. ಹಾಗಾದರೆ ಆ 0.505 ಯಾರಿಗೆ ಬರೆದಿದ್ದು?

ಇದು ನನ್ನನ್ನು ಯಾಕೆ ಇಷ್ಟು ಕಾಡುತ್ತದೆ ಅಂದರೆ, ನಾನು ಈ ಕೆಲಸ ಕಲಿತದ್ದೇ ಅಡಿಕೆ ಧಾರಣೆ ಬರೆದು. ಶಿವಮೊಗ್ಗ ಮಂಡಿಯಿಂದ ಚೀಟಿ ಬರುತ್ತಿತ್ತು. ನಾನು ಅದನ್ನು ನೀಟಾಗಿ ಬರೆದು ಅಚ್ಚಿನ ಮೊಳೆ ಜೋಡಿಸುವವರಿಗೆ ಕೊಡಬೇಕು. ನಮ್ಮ ಹಿರಿಯ ಸಂಪಾದಕರು ಬೆಳಿಗ್ಗೆ ಬೇರೇನೂ ಓದುತ್ತಿರಲಿಲ್ಲ, ಮೊದಲು ಆ ಚೀಟಿ. ಪ್ರತಿ ಅಂಕಿಯ ಎಡಕ್ಕೆ ಪೆನ್ಸಿಲ್ ಇಟ್ಟು ನಿಲ್ಲುತ್ತಿದ್ದರು. ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ, ಅಡಿಕೆಯ ಆ ಬಗೆಯ ಹೆಸರು ಅಲ್ಲಿದ್ದರೆ ಮಾತ್ರ ಪೆನ್ಸಿಲ್ ಮುಂದಕ್ಕೆ ಹೋಗುತ್ತಿತ್ತು. ಸರಕಿನ ದರವನ್ನೂ ಗೊರಬಲಿನ ದರವನ್ನೂ ಹೆಸರಿಲ್ಲದೆ ಪಕ್ಕಪಕ್ಕ ಹಾಕಿದರೆ ಮಾರನೇ ದಿನ ಅರ್ಧ ತಾಲೂಕು ಕಚೇರಿ ಮೆಟ್ಟಿಲ ಮೇಲೆ ಕೂತಿರುತ್ತಿತ್ತು. ನಿಮ್ಮ ಎರಡನೇ ಪುಟ ಮಾಡಿದ್ದೂ ಅದನ್ನೇ. ಇಲ್ಲಿ ಜಗಳಕ್ಕೆ ಬರುವ ಬೆಳೆಗಾರರಿಲ್ಲ, ಅಷ್ಟೇ.

ಎರಡನೇ ಸಿಟ್ಟು ನಾಲ್ಕನೇ ಪುಟದ್ದು. "ಆಗುಂಬೆಯ ಮಳೆಗಾಲದ ಒದ್ದೆ ಗಾಳಿ ಭಾರ. ಆ ಭಾರವನ್ನು ಸೀಳಿ ಹೊರಟ ಗುಂಡು ಬೇಗ ದಣಿಯುತ್ತದೆ."

ಒಂದೊಂದೇ ಮಾತು ನೋಡೋಣ. "ಒದ್ದೆ ಗಾಳಿ ಭಾರ." ಅಲ್ಲ, ಹಗುರ. ಒಣ ಗಾಳಿಯ ಅಣುಗಳ ಸರಾಸರಿ ತೂಕ 29, ನೀರಾವಿಯದು 18. ಆವಿ ಸೇರಿದಷ್ಟೂ ಗಾಳಿ ಹಗುರಾಗುತ್ತದೆ. ಸೆಕೆಗೆ ನಮ್ಮ ಮೈ ಭಾರವಾಗುತ್ತದೆ, ಗಾಳಿಯಲ್ಲ. ಅದೂ ಎಷ್ಟು ಹಗುರ? 25 ಡಿಗ್ರಿಯಲ್ಲಿ ಗಾಳಿ ಪೂರ್ತಿ ಆವಿ ತುಂಬಿಕೊಂಡರೂ ಸಾಂದ್ರತೆ ಇಳಿಯುವುದು ನೂರಕ್ಕೆ 1ರಷ್ಟು. ಉಷ್ಣಾಂಶ 10 ಡಿಗ್ರಿ ಏರಿದರೆ ಇಳಿಯುವುದು 3ಕ್ಕಿಂತ ಜಾಸ್ತಿ. ಇನ್ನು "ಆಗುಂಬೆ." ಸಮುದ್ರಮಟ್ಟದಿಂದ 600 ಮೀಟರ್‌ಗೂ ಎತ್ತರ. ಘಟ್ಟ ಇಳಿದು ಸೋಮೇಶ್ವರದಲ್ಲಿ ನಿಂತರೆ ಸಿಗುವ ಗಾಳಿಗಿಂತ ಅಲ್ಲಿಯದು ನೂರಕ್ಕೆ 5ರಷ್ಟು ತೆಳು. ಕುದುರೆಮುಖದ ನೆತ್ತಿಗೆ, 1,894 ಮೀಟರ್‌ಗೆ ಹೋದರೆ ಸಮುದ್ರಮಟ್ಟಕ್ಕಿಂತ ಆರನೇ ಒಂದು ಪಾಲು ಕಡಿಮೆ. ಅಂದರೆ ನೀವು ಹೇಳಿದ ಆಗುಂಬೆಯಲ್ಲಿ ಗುಂಡು ಕರಾವಳಿಗಿಂತ ಸಲೀಸಾಗಿ ಹೋಗುತ್ತದೆ. ಮಂಜು, ಮಳೆ ತಂದು ಸುಮ್ನೆ ಅಂದ ಕಟ್ಟಲು ಹೋಗಿ ಭೌತಶಾಸ್ತ್ರವನ್ನೇ ತಲೆಕೆಳಗು ಮಾಡಿದ್ದೀರಿ. ಮಲೆನಾಡಿನವರು ಬರೆದ ಎಲ್ಲದರಲ್ಲೂ ಆಗುಂಬೆಯ ಮಳೆ ಸುರಿಯಲೇಬೇಕಾ? ಈ ಪ್ರಶ್ನೆ ನಿಮ್ಮೊಬ್ಬರಿಗಲ್ಲ, ನನ್ನ ಮೇಜಿನ ಮೇಲಿರುವ ಲೇಖನಗಳ ಇಡೀ ಕಟ್ಟಿಗೆ.

ನಿಜವಾಗಿ ಬೆಳೆಸಬೇಕಾದ ಜಾಗವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: "ಬಿ.ಸಿ. ಹೆಚ್ಚಿದ್ದರೆ ಅಡ್ಡಗಾಳಿ ಕಡಿಮೆ ತಳ್ಳುತ್ತದೆ." ಯಾಕೆ? ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟ ಗುಂಡು ನಿರ್ವಾತದಲ್ಲಾದರೆ 800 ಮೀಟರ್ ದೂರವನ್ನು 1 ಸೆಕೆಂಡಿನಲ್ಲಿ ಮುಟ್ಟುತ್ತದೆ. ನಿಮ್ಮ 175 ಗ್ರೇನ್ ಗುಂಡಿಗೆ ನಿಜದಲ್ಲಿ ಸುಮಾರು 1.4 ಸೆಕೆಂಡು ಬೇಕು. ತಡವಾದದ್ದು 0.4. ಅದನ್ನು ಅಡ್ಡಗಾಳಿಯ ವೇಗಕ್ಕೆ ಗುಣಿಸಿ. ಸೆಕೆಂಡಿಗೆ 4 ಮೀಟರ್ ಗಾಳಿ ಬೀಸಿದರೆ ಗುಂಡು 1.6 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಬಿ.ಸಿ. ಹೆಚ್ಚಾದರೆ ತಡ ಕಡಿಮೆ, ಸರಿಯುವುದೂ ಕಡಿಮೆ. ಇದಕ್ಕೆ ಒಂದು ಪೂರ್ತಿ ಪುಟ ಕೊಡಿ.

ಜಾಗಕ್ಕಾಗಿ ಪೀಠಿಕೆಯಲ್ಲಿರುವ ಅಜ್ಜನ ತೋಟದ ಕೋವಿಯನ್ನು ತೆಗೆದುಹಾಕಿ. ಮಂಗ ಓಡಿಸುವ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವ ಆ ಚರೆ ಕೋವಿಗೆ ಬಿ.ಸಿ. ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ.

ತಿದ್ದಿ ಕಳಿಸಿ, ಹಾಕುತ್ತೇನೆ. ಜೊತೆಗೆ ಜಿ1, ಜಿ7 ಎರಡರ ಗೆರೆಚಿತ್ರ ಇರಲಿ. ರೈಫಲ್ ಹಿಡಿದು ನಿಂತ ನಿಮ್ಮ ಫೋಟೊಗಳು ಬೇಡ, ಇದೇ ಲಕೋಟೆಯಲ್ಲಿ ವಾಪಸ್ ಇಟ್ಟಿದ್ದೇನೆ.